‘ಚಿಂತೆ ಬಿಡು’ ಎಂದರೆ ಮೆದುಳು ಬಿಡುವುದಿಲ್ಲ: ನೆಮ್ಮದಿಗೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಆತಂಕದಲ್ಲಿರುವವರಿಗೆ ಮನೆಯಲ್ಲಿ ಸಿಗುವ ಮೊದಲ ಸಲಹೆ ‘ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ’ ಎಂಬುದು. ಹೇಳುವವರ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ಕೇಳಿಸಿಕೊಂಡವರ ಎದೆಬಡಿತ ಅದರಿಂದ ಇಳಿಯುವುದಿಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ. ಮೇಲಾಗಿ, ‘ಎಲ್ಲರೂ ಇಷ್ಟು ಹೇಳಿದರೂ ನನ್ನಿಂದ ಆಗುತ್ತಿಲ್ಲವಲ್ಲ’ ಎಂಬ ಅಳುಕೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಇದು ಮನೋಬಲದ ಕೊರತೆಯಲ್ಲ. ಭಯವನ್ನು ಕಲಿಯುವ ಮೆದುಳಿನ ಭಾಗಕ್ಕೆ ಉಪದೇಶ ಸರಿಯಾಗಿ ತಲುಪುವುದೇ ಇಲ್ಲ. ನಿದ್ದೆ, ಬೆಳಕು, ಉಸಿರು, ನಡಿಗೆ, ಪಕ್ಕದಲ್ಲಿರುವ ಒಬ್ಬ ಮನುಷ್ಯ, ಮತ್ತೆ ಮತ್ತೆ ಆಗುವ ಸುರಕ್ಷಿತ ಅನುಭವ, ಇವು ತಲುಪುತ್ತವೆ. ಇವನ್ನು ಯಾವ ಕ್ರಮದಲ್ಲಿ, ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಒಂದು ಮಾತು ಮೊದಲೇ ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಈ ಹಂತಗಳನ್ನು ಓದುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಈಗಲೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ವಿಷಯ ತಿಳಿಸಿ. ಉಳಿದದ್ದನ್ನು ಆಮೇಲೆ ಓದಬಹುದು.

ಬೆಂಗಳೂರಿನ ಇಲಿಗಳು ಹೇಳಿದ್ದು

ಒತ್ತಡ ಮೆದುಳಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿಸಿದ ಮುಖ್ಯ ಸಂಶೋಧನೆಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ನಡೆದದ್ದು. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ, ನಂತರ ಅವುಗಳ ನರಕೋಶಗಳನ್ನು ಪರೀಕ್ಷಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಅಪಾಯವನ್ನು ಗುರುತಿಸುವ ಅಮಿಗ್ಡಲಾದಲ್ಲಿ ಅದೇ ಒತ್ತಡದಿಂದ ಕವಲುಗಳು ಬೆಳೆದಿದ್ದವು. ಎರಡು ವರ್ಷಗಳ ನಂತರ ಚಟರ್ಜಿಯವರ ತಂಡ ಇನ್ನೊಂದು ಪ್ರಶ್ನೆ ಕೇಳಿತು: ಒತ್ತಡ ನಿಲ್ಲಿಸಿ 21 ದಿನ ಬಿಟ್ಟರೆ ಏನಾಗುತ್ತದೆ? ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿಯಿತು, ಇಲಿಗಳ ಆತಂಕವೂ ಉಳಿಯಿತು.

ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೆ ಕೆಟ್ಟ ಕಾಲವೊಂದನ್ನು ದಾಟಿ ಬಂದವರಿಗೆ ಇದು ಪರಿಚಿತ ಚಿತ್ರ. ಕಚೇರಿಯ ಕಿರುಕುಳ ಮುಗಿದು ವರ್ಷವಾಗಿರುತ್ತದೆ, ಕೆಲಸ ಬದಲಾಗಿರುತ್ತದೆ, ಮರೆವು ಕಡಿಮೆಯಾಗಿರುತ್ತದೆ. ಆದರೂ ಮೇಲಧಿಕಾರಿಯ ಕರೆ ಬಂದರೆ ಹೊಟ್ಟೆಯಲ್ಲಿ ಹಳೆಯ ತಳಮಳ ಏಳುತ್ತದೆ. ‘ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಾ, ಸರಿಹೋಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ ಎನ್ನುವುದು ಇದಕ್ಕೇ. ದಣಿವಿಗೆ ವಿಶ್ರಾಂತಿ ಸಾಕು, ಭಯಕ್ಕೆ ಹೊಸ ಕಲಿಕೆ ಬೇಕು. ಕಲಿಯಲು ಮೆದುಳು ಸಿದ್ಧವಾಗಿರಬೇಕು. ಆದ್ದರಿಂದ ಮೊದಲ ಹಂತಗಳು ಸಿದ್ಧತೆಗೆ, ಮುಂದಿನವು ಕಲಿಕೆಗೆ.

ಮೊದಲ ಹಂತ: ಏಳುವ ಹೊತ್ತನ್ನು ಕಟ್ಟಿಹಾಕಿ

ಎಲ್ಲಕ್ಕಿಂತ ಮೊದಲು ನಿದ್ದೆ. 2007ರಲ್ಲಿ ಅಮೆರಿಕದಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಸುಮಾರು 35 ಗಂಟೆ ನಿದ್ದೆಗೆಟ್ಟ ಯುವಜನರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಲಾಯಿತು. ಚೆನ್ನಾಗಿ ಮಲಗಿ ಬಂದವರಿಗಿಂತ ಇವರ ಅಮಿಗ್ಡಲಾ ಸುಮಾರು ಶೇ 60ರಷ್ಟು ಹೆಚ್ಚು ಉದ್ರೇಕಗೊಂಡಿತು. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಅದಕ್ಕೆ ಹಾಕುವ ಲಗಾಮೂ ಸಡಿಲವಾಗಿತ್ತು. ನಿದ್ದೆಗೆಟ್ಟ ಮರುದಿನ ಸಣ್ಣ ಮಾತಿಗೂ ಕಣ್ಣೀರು ಬರುವುದು, ಮಕ್ಕಳ ಮೇಲೆ ರೇಗುವುದು ಸ್ವಭಾವದೋಷವಲ್ಲ. ಆ ದಿನ ದೊಡ್ಡ ತೀರ್ಮಾನಗಳನ್ನು ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬೇಗ ಮಲಗಬೇಕು ಎಂದು ಪಣ ತೊಡುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಪ್ರಯತ್ನ. ಅದು ಕೈಗೂಡುವುದು ಕಷ್ಟ, ಏಕೆಂದರೆ ನಿದ್ದೆ ಆಜ್ಞೆಗೆ ಬರುವುದಿಲ್ಲ. ಏಳುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಬೆಳಿಗ್ಗೆ 6ಕ್ಕೋ 7ಕ್ಕೋ ಒಂದು ಹೊತ್ತನ್ನು ಆರಿಸಿಕೊಳ್ಳಿ. ಹಿಂದಿನ ರಾತ್ರಿ ಹೇಗೇ ಕಳೆದಿರಲಿ, ಭಾನುವಾರವೇ ಇರಲಿ, ಅದೇ ಹೊತ್ತಿಗೆ ಏಳಿ. ಎದ್ದ ಒಂದು ಗಂಟೆಯೊಳಗೆ ಕನಿಷ್ಠ 20 ನಿಮಿಷ ಹೊರಗಿನ ಬೆಳಕಿನಲ್ಲಿರಿ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಿಂತ ಹೆಚ್ಚಾಗಿ ಹಗಲು-ರಾತ್ರಿಯನ್ನು ಅಳೆಯಲೆಂದೇ ಇರುವ ಕೆಲವು ಕೋಶಗಳಿವೆ. ಅವು ನೇರವಾಗಿ ಮೆದುಳಿನ ಗಡಿಯಾರಕ್ಕೆ ಸುದ್ದಿ ಕಳಿಸುತ್ತವೆ, ಆ ಗಡಿಯಾರ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಮೆಲಟೋನಿನ್ ಹಾರ್ಮೋನ್ ಯಾವಾಗ ಸ್ರವಿಸಬೇಕೆಂದು ನಿರ್ಧರಿಸುತ್ತದೆ. ಮನೆಯೊಳಗಿನ ಟ್ಯೂಬ್‌ಲೈಟ್ ಕೆಲವು ನೂರು ಲಕ್ಸ್ ಬೆಳಕು ಕೊಟ್ಟರೆ, ಮಳೆಗಾಲದ ಮೋಡದ ಬೆಳಿಗ್ಗೆಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹಾಲು ತರುವುದು, ಗಿಡಕ್ಕೆ ನೀರು ಹಾಕುವುದು, ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಇಡುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸೂರ್ಯನನ್ನು ದಿಟ್ಟಿಸಿ ನೋಡುವ ಅಗತ್ಯವಿಲ್ಲ, ನೋಡಲೂ ಬಾರದು. ಲಂಡನ್ ಅಥವಾ ಸ್ಟಾಕ್‌ಹೋಮ್‌ನಂತಹ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಡಿಸೆಂಬರ್‌ನಲ್ಲಿ ಬೆಳಗಿನ ಬೆಳಕೇ ಸಿಗುವುದಿಲ್ಲ. ಅವರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಡ್ಡಾಯವಾಗಿ ಹೊರಗೆ ನಡೆಯಬೇಕು.

ಕಾಫಿಯ ವಿಷಯದಲ್ಲಿ ನಾನು ಕಠಿಣಳು. ನಮ್ಮ ಸಂಜೆಯ ಫಿಲ್ಟರ್ ಕಾಫಿ ಬಿಡಲಾರದ್ದು, ನಿಜ. ಆದರೆ ಕೆಫೀನ್‌ನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. 6 ಗಂಟೆಗೆ ಕುಡಿದದ್ದರಲ್ಲಿ ಅರ್ಧ 11ಕ್ಕೂ ರಕ್ತದಲ್ಲಿರುತ್ತದೆ. ದಿನವಿಡೀ ಸೇರಿಕೊಂಡು ನಿದ್ದೆ ತರಿಸುವ ಅಡೆನೊಸಿನ್ ಎಂಬ ರಾಸಾಯನಿಕ ಕುಳಿತುಕೊಳ್ಳಬೇಕಾದ ಜಾಗವನ್ನು ಕೆಫೀನ್ ಆಕ್ರಮಿಸಿರುತ್ತದೆ. ನಿದ್ದೆ ಸರಿಯಿಲ್ಲದವರು ಕೊನೆಯ ಲೋಟವನ್ನು ಮಧ್ಯಾಹ್ನ 2ರೊಳಗೆ ಮುಗಿಸಿ, ಎರಡು ವಾರ ನೋಡಿ. ಚಹಾಕ್ಕೂ ಇದೇ ಮಾತು.

ಹಾಸಿಗೆಗೆ ಒಂದು ನಿಯಮವಿದೆ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಹೇಳಿದ ಈ ವಿಧಾನ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯ ಮುಖ್ಯ ಭಾಗ. ಹಾಸಿಗೆ ನಿದ್ದೆಗೆ ಮಾತ್ರ. ಲೆಕ್ಕಪತ್ರಕ್ಕಲ್ಲ, ಮೊಬೈಲಿಗಲ್ಲ, ಜಗಳಕ್ಕಲ್ಲ. ಸುಮಾರು 20 ನಿಮಿಷ ನಿದ್ದೆ ಹತ್ತದಿದ್ದರೆ ಎದ್ದುಬಿಡಿ. ಒಂದೇ ಕೋಣೆಯ ಮನೆಯಾದರೆ ಹಾಸಿಗೆಯಿಂದ ಇಳಿದು ಚಾಪೆಯ ಮೇಲೋ ಕುರ್ಚಿಯ ಮೇಲೋ ಮಂದ ಬೆಳಕಿನಲ್ಲಿ ಕುಳಿತು ಏನಾದರೂ ನೀರಸವಾದದ್ದನ್ನು ಓದಿ, ಕಣ್ಣು ಎಳೆಯತೊಡಗಿದ ಮೇಲೆ ಮರಳಿ. ಮಲಗಿ ಹೊರಳಾಡಿದಷ್ಟೂ ಮೆದುಳು ಹಾಸಿಗೆಯನ್ನೇ ಚಿಂತೆಯ ಜಾಗವೆಂದು ಕಲಿಯುತ್ತದೆ. ರಾತ್ರಿ ಪಾಳಿಯವರು ಎಲ್ಲವನ್ನೂ ತಿರುಗಿಸಿಕೊಳ್ಳಬೇಕು: ಬೆಳಿಗ್ಗೆ ಮನೆಗೆ ಮರಳುವಾಗ ಕಪ್ಪು ಕನ್ನಡಕ, ಮಲಗುವ ಕೋಣೆಗೆ ದಪ್ಪ ಪರದೆ, ಎದ್ದ ಕೂಡಲೇ ಬೆಳಕು.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ, ಹಗಲೆಲ್ಲ ತೂಕಡಿಸುವವರಿಗೆ ಈ ಯಾವ ಉಪಾಯವೂ ಸಾಲದು. ಅದು ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇರಬಹುದು, ವೈದ್ಯರ ಪರೀಕ್ಷೆ ಬೇಕು. ಇದೇ ಭೇಟಿಯಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಬಿ12 ಜೀವಸತ್ವವನ್ನೂ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರಿಂದ ಬರುವ ಸುಸ್ತು, ಮಂಕುತನ ಖಿನ್ನತೆಯಂತೆಯೇ ಕಾಣುತ್ತದೆ.

ಎರಡನೆಯ ಹಂತ: ಬಿಡುವ ಉಸಿರನ್ನು ಉದ್ದ ಮಾಡಿ

ಉಸಿರೆಳೆದಾಗ ಹೃದಯ ತುಸು ವೇಗವಾಗಿ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮೆದುಳಿನ ಕಾಂಡದಿಂದ ಹೃದಯಕ್ಕೆ ಬರುವ ವೇಗಸ್ ನರ ಉಸಿರು ಬಿಡುವ ಹೊತ್ತಿನಲ್ಲಿ ತನ್ನ ಹಿಡಿತ ಬಿಗಿ ಮಾಡುವುದರಿಂದ ಹೀಗಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಈ ವ್ಯತ್ಯಾಸ ನಿಮಗೇ ಬೆರಳ ತುದಿಯಲ್ಲಿ ತಿಳಿಯುತ್ತದೆ. ಉಸಿರಿನ ಲಯವನ್ನು ನಡೆಸುವ ಕೋಶಗಳ ಗುಂಪಿನಿಂದ ಮೆದುಳನ್ನು ಎಚ್ಚರವಾಗಿಡುವ ಕೇಂದ್ರಕ್ಕೆ ನೇರ ಸಂಪರ್ಕವಿದೆ ಎಂಬುದು 2017ರಲ್ಲಿ ಪ್ರಯೋಗಾಲಯದ ಚಿಟ್ಟಿಲಿಗಳಲ್ಲಿ ಕಂಡುಬಂತು.

ಮಾಡುವ ರೀತಿ ಸರಳ. ಬೆನ್ನು ನೇರ ಮಾಡಿ ಕುಳಿತು ಮೂಗಿನಿಂದ 4 ಎಣಿಸುವಷ್ಟು ಹೊತ್ತು ಎಳೆಯಿರಿ, 6 ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಆರು ಉಸಿರಾಗುತ್ತದೆ. ದಿನಕ್ಕೆ 5 ನಿಮಿಷ ಸಾಕು. ಎಣಿಕೆ ಬೇಸರವೆನಿಸಿದರೆ ನಿಮ್ಮ ಮನೆಯ ರೂಢಿಯ ಜಪ, ನಾಮಸ್ಮರಣೆ ಅಥವಾ ಪ್ರಾರ್ಥನೆಯನ್ನೇ ನಿಧಾನವಾಗಿ ಹೇಳಿಕೊಳ್ಳಿ. ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಎರಡೂ ಹೇಳುವವರ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ತಂದು ನಿಲ್ಲಿಸಿದ್ದವು. ಬೇರೆ ಬೇರೆ ಧರ್ಮಗಳ ಹಿರಿಯರು ಯಾವ ಯಂತ್ರವೂ ಇಲ್ಲದೆ ಒಂದೇ ಲಯಕ್ಕೆ ಬಂದು ಸೇರಿದ್ದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಒಂದು ಎಚ್ಚರಿಕೆ ಇದೆ, ಇದನ್ನು ಮನೆಯವರೂ ತಿಳಿದಿರಬೇಕು. ಯಾರಿಗಾದರೂ ದಿಢೀರನೆ ಎದೆ ಹೊಡೆದುಕೊಂಡು ಬೆವರಿ ಗಾಬರಿಯಾದಾಗ ‘ಜೋರಾಗಿ ಉಸಿರು ಎಳೆದುಕೋ’ ಎಂದು ಹೇಳಬೇಡಿ. ಅವರು ಆಗಲೇ ಅಗತ್ಯಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ, ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ. ‘ನಿಧಾನ, ಬಿಡು, ಇನ್ನೂ ಬಿಡು’ ಎನ್ನಿ. ಕಾಲಡಿಯ ನೆಲವನ್ನು ಗಮನಿಸಲು, ಸುತ್ತಲಿನ ಐದು ವಸ್ತುಗಳ ಹೆಸರು ಹೇಳಲು ಕೇಳಿ. ಮೊದಲ ಬಾರಿಗೆ ಎದೆನೋವು ಬಂದಿದ್ದರೆ ಮಾತ್ರ ಗಾಬರಿಯೆಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಧ್ಯಾನದ ಬಗ್ಗೆ ಎರಡು ಮಾತು. ಎಂಟು ವಾರದ ಧ್ಯಾನದಿಂದ ಮೆದುಳಿನ ರಚನೆಯೇ ಬದಲಾಗುತ್ತದೆ ಎಂಬ ಸುದ್ದಿ ಬಹಳ ಹರಡಿತ್ತು. 2022ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಅಂತಹ ರಚನಾ ಬದಲಾವಣೆ ಕಾಣಲಿಲ್ಲ. ಇದರಿಂದ ಧ್ಯಾನ ವ್ಯರ್ಥವೆಂದಾಗುವುದಿಲ್ಲ, ಆತಂಕ ತಗ್ಗಿಸುವಲ್ಲಿ ಅದರ ಪ್ರಯೋಜನಕ್ಕೆ ಬೇರೆ ಆಧಾರಗಳಿವೆ. ಮೆದುಳು ಬೆಳೆಸುವ ಆಸೆಯಿಂದ ಬೇಡ, ನೆಮ್ಮದಿ ಎನಿಸಿದರೆ ಮಾಡಿ.

ಮೂರನೆಯ ಹಂತ: ಹೆಸರಿಟ್ಟು ಬರೆಯಿರಿ, ಚಿಂತೆಗೆ ಹೊತ್ತು ಗೊತ್ತುಮಾಡಿ

2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಕೋಪಗೊಂಡ ಅಥವಾ ಹೆದರಿದ ಮುಖವನ್ನು ನೋಡಿ ಆ ಭಾವನೆಗೆ ಹೆಸರು ಹೇಳಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ, ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಒಂದು ಭಾಗ ಚುರುಕಾಗುತ್ತದೆ. ಹಾಗಾಗಿ ಸಂಜೆ ಒಂದು ನೋಟ್‌ಪುಸ್ತಕದಲ್ಲಿ ಆ ದಿನದ ಭಾವನೆಯನ್ನು ಹೆಸರಿಟ್ಟು ಬರೆಯಿರಿ. ‘ಟೆನ್ಶನ್’ ಎಂದು ಬರೆದು ನಿಲ್ಲಬೇಡಿ. ಅದು ಕಳವಳವೇ, ದಿಗಿಲೇ, ಮುಜುಗರವೇ, ಅಸೂಯೆಯೇ, ಸಂಕಟವೇ, ಬರೀ ಆಯಾಸವೇ? ಎರಡು ಸಾಲು ಸಾಕು, ದೀರ್ಘವಾಗಿ ಬರೆಯುತ್ತ ಹೋದರೆ ಅದೇ ಹೊಸ ಕೊರಗಾಗಬಹುದು.

ಅದೇ ಪುಸ್ತಕದಲ್ಲಿ ಚಿಂತೆಗೊಂದು ಹೊತ್ತು ಇರಲಿ. ಸಂಜೆ 6ರಿಂದ 6.20 ಎಂದಿಟ್ಟುಕೊಳ್ಳಿ. ಹಗಲಲ್ಲಿ ಚಿಂತೆ ಬಂದಾಗ ಒಂದು ಪದದಲ್ಲಿ ಗುರುತು ಹಾಕಿಕೊಂಡು ‘ಸಂಜೆ ನೋಡೋಣ’ ಎಂದು ಕೆಲಸಕ್ಕೆ ಮರಳಿ. ಸಂಜೆ ಆ ಪಟ್ಟಿಯನ್ನು ಎರಡು ಭಾಗ ಮಾಡಿ: ನಾನು ಏನಾದರೂ ಮಾಡಬಹುದಾದದ್ದು, ಮಾಡಲಾಗದ್ದು. ಮೊದಲನೆಯದರ ಪಕ್ಕ ನಾಳೆಯ ಒಂದು ಕೆಲಸ ಬರೆಯಿರಿ: ಬ್ಯಾಂಕಿಗೆ ಫೋನ್ ಮಾಡುವುದು, ಶಿಕ್ಷಕರನ್ನು ಭೇಟಿಯಾಗುವುದು. ಎರಡನೆಯದನ್ನು ಓದಿ ಪುಟ ಮಡಿಸಿ. 1980ರ ದಶಕದಿಂದ ಬಳಕೆಯಲ್ಲಿರುವ ಈ ವಿಧಾನ ಚಿಂತೆಯನ್ನು ಅಳಿಸುವುದಿಲ್ಲ. ಹಾಸಿಗೆ, ಊಟದ ತಟ್ಟೆ, ಬಸ್ಸು, ಸ್ನಾನದ ಮನೆ ಎಲ್ಲಕ್ಕೂ ಅಂಟಿಕೊಂಡಿದ್ದ ಅದನ್ನು ಒಂದೇ ಜಾಗಕ್ಕೆ ತಂದು ಕೂರಿಸುತ್ತದೆ.

ನಾಲ್ಕನೆಯ ಹಂತ: ಮನಸ್ಸು ಬರಲಿ ಎಂದು ಕಾಯಬೇಡಿ

ಇಲ್ಲಿಂದ ಕಲಿಕೆಯ ಹಂತಗಳು.

ಮೆದುಳಿನ ಕೋಶಗಳು ಸಂದೇಶ ಕಳಿಸಲು ಬಳಸುವ ಡೋಪಮೈನನ್ನು ‘ಸಂತೋಷದ ರಾಸಾಯನಿಕ’ ಎಂದು ಕರೆಯುವುದು ರೂಢಿಯಾಗಿದೆ. ಆದರೆ ವುಲ್ಫ್‌ರಾಮ್ ಷುಲ್ಟ್ಸ್ ಮತ್ತು ಸಹಲೇಖಕರು 1997ರಲ್ಲಿ ವಿವರಿಸಿದ ಹಾಗೆ, ಡೋಪಮೈನ್ ಕೋಶಗಳು ಅಳೆಯುವುದು ನಿರೀಕ್ಷೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನು. ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆದರೆ ಅವು ಚುರುಕಾಗುತ್ತವೆ, ಎಣಿಸಿದ್ದು ಸಿಗದಿದ್ದರೆ ಮಂಕಾಗುತ್ತವೆ. ಮುಂದಿನ ಸಲ ಎಷ್ಟು ಆಸೆಪಡಬೇಕು ಎಂಬುದನ್ನು ಮೆದುಳು ಇದರಿಂದ ಕಲಿಯುತ್ತದೆ. ಖಿನ್ನತೆಯಲ್ಲಿ ನಿರೀಕ್ಷೆಯೇ ಕುಸಿದಿರುತ್ತದೆ. ‘ಹೋಗಿ ಏನು ಪ್ರಯೋಜನ’ ಎಂದು ಮನೆಯಲ್ಲೇ ಉಳಿದರೆ, ಆ ಅಂದಾಜು ತಪ್ಪು ಎಂದು ತಿಳಿಯಲು ಮೆದುಳಿಗೆ ಅವಕಾಶವೇ ಸಿಗುವುದಿಲ್ಲ.

ಆದ್ದರಿಂದ ಕ್ರಮವನ್ನು ತಿರುಗಿಸಿ: ಮೊದಲು ಕೆಲಸ, ಆಮೇಲೆ ಮನಸ್ಸು. ಒಂದು ಕಾಲದಲ್ಲಿ ನಿಮಗೆ ಇಷ್ಟವಿದ್ದ ಅಥವಾ ಮುಖ್ಯವೆನಿಸುತ್ತಿದ್ದ ಸಣ್ಣ ಸಣ್ಣ ಸಂಗತಿಗಳನ್ನು ಪಟ್ಟಿ ಮಾಡಿ. ಅಕ್ಕನಿಗೆ ಫೋನ್ ಮಾಡುವುದು, ಮೊಳಕೆ ಹೆಸರುಕಾಳಿನ ಕೋಸಂಬರಿ ಮಾಡುವುದು, ಗ್ರಂಥಾಲಯಕ್ಕೆ ಹೋಗುವುದು, ಬೈಸಿಕಲ್ ಒರೆಸುವುದು, ಭಜನೆಗೆ ಅರ್ಧ ಗಂಟೆ ಕೂರುವುದು. ಅವುಗಳಲ್ಲಿ ಅತ್ಯಂತ ಸುಲಭವಾದದ್ದನ್ನು ಆರಿಸಿ ದಿನ ಮತ್ತು ಹೊತ್ತು ಬರೆದಿಡಿ. ಮಾಡುವ ಮುನ್ನ ‘ಇದರಿಂದ ಎಷ್ಟು ಹಿತವೆನಿಸಬಹುದು’ ಎಂದು 10ಕ್ಕೆ ಅಂಕ ಕೊಡಿ. ಮಾಡಿದ ಮೇಲೆ ನಿಜವಾಗಿ ಎಷ್ಟು ಎನಿಸಿತೋ ಅದನ್ನು ಪಕ್ಕದಲ್ಲಿ ಬರೆಯಿರಿ. ನಿರೀಕ್ಷೆ 1, ವಾಸ್ತವ 3 ಎಂದಾದರೆ ಬೇಸರಪಡಬೇಡಿ. 3 ದೊಡ್ಡ ಸಂಖ್ಯೆಯಲ್ಲ, ಆದರೆ ಮೆದುಳು ಕಲಿಯಬೇಕಾದ ವಿಷಯ ಆ ಎರಡರ ವ್ಯತ್ಯಾಸದಲ್ಲಿದೆ. ಕೆಲವೊಮ್ಮೆ ವಾಸ್ತವ ಕಡಿಮೆ ಬರುತ್ತದೆ. ಆ ಚಟುವಟಿಕೆಯನ್ನು ಕೈಬಿಟ್ಟು ಇನ್ನೊಂದನ್ನು ಹಿಡಿಯಿರಿ.

ಇದು ಶ್ರೀಮಂತ ದೇಶಗಳ ಚಿಕಿತ್ಸೆಯಷ್ಟೇ ಅಲ್ಲ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ಸಾಕಷ್ಟು ತೀವ್ರವಾಗಿದ್ದ ಜನರೊಂದಿಗೆ ಇದೇ ತತ್ವದ ಕಾರ್ಯಕ್ರಮ ನಡೆಸಿದರು. ಸಲಹೆ ನೀಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿಗಳಷ್ಟೇ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡಿದ್ದರು.

ಪಟ್ಟಿಯಲ್ಲಿ ನಡಿಗೆ ಖಂಡಿತ ಇರಲಿ. 2011ರಲ್ಲಿ ಪ್ರಕಟವಾದ ಕರ್ಕ್ ಎರಿಕ್ಸನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 120 ಹಿರಿಯರು ಭಾಗವಹಿಸಿದ್ದರು. ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದವರ ಹಿಪ್ಪೊಕ್ಯಾಂಪಸ್ ವರ್ಷದ ಕೊನೆಗೆ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತ್ತು. ಬೆಂಗಳೂರಿನ ಇಲಿಗಳಲ್ಲಿ ಒತ್ತಡಕ್ಕೆ ಸೊರಗಿದ್ದು ಇದೇ ಭಾಗ. ಬೆಳಗಿನ ಬೆಳಕಿನ 20 ನಿಮಿಷವನ್ನು ನಡಿಗೆಯಾಗಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ.

ಐದನೆಯ ಹಂತ: ಹೆದರುವ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ

ಇಡೀ ಲೇಖನದಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಹಂತ ಇದು, ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಹೆದರಿಕೆಯಾಗುವುದರಿಂದ ದೂರ ಉಳಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೇ ಮೆದುಳಿಗೆ ‘ದೂರ ಉಳಿದದ್ದರಿಂದಲೇ ಬದುಕಿದೆ’ ಎಂದು ಕಲಿಸುತ್ತದೆ, ಭಯ ಇನ್ನಷ್ಟು ಬಲಿಯುತ್ತದೆ.

ಭಯ ತಗ್ಗುವಾಗ ಹಳೆಯ ನೆನಪು ಅಳಿಯುವುದಿಲ್ಲ. ತಣ್ಣಗಾದ ಪ್ರತಿಕ್ರಿಯೆ ಕೆಲ ಕಾಲದ ನಂತರ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದರು. ‘ಇಲ್ಲಿ ಅಪಾಯವಿಲ್ಲ’ ಎಂಬ ಎರಡನೆಯ ನೆನಪೊಂದು ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ನೆರವಿನಿಂದ ಹೊಸದಾಗಿ ಕಟ್ಟಿಕೊಂಡು ಮೊದಲನೆಯದನ್ನು ಹಿಂದೆ ಸರಿಸುತ್ತದೆ. ಈ ಹೊಸ ನೆನಪು ಕಲಿತ ಜಾಗಕ್ಕೇ ಅಂಟಿಕೊಳ್ಳುವ ಗುಣ ಹೊಂದಿದೆ. ಹೀಗಾಗಿ ಒಂದೇ ಕಡೆ ಅಭ್ಯಾಸ ಮಾಡಿದರೆ ಸಾಲದು.

ಸ್ಕೂಟರಿನಿಂದ ಬಿದ್ದು ಗಾಯ ವಾಸಿಯಾದ ಮೇಲೂ ಓಡಿಸಲು ಹೆದರುವ ಒಬ್ಬರನ್ನು ಊಹಿಸಿಕೊಳ್ಳಿ. ಅವರು ಪುಸ್ತಕದಲ್ಲಿ ಮೆಟ್ಟಿಲುಗಳನ್ನು ಬರೆದುಕೊಳ್ಳುತ್ತಾರೆ. ನಿಲ್ಲಿಸಿದ ಸ್ಕೂಟರಿನ ಮೇಲೆ ಕೂರುವುದು. ಎಂಜಿನ್ ಚಾಲು ಮಾಡಿ ಕೂರುವುದು. ಬೀದಿಯ ಕೊನೆಯವರೆಗೆ ಹೋಗಿ ಬರುವುದು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ. ವಾರದ ದಿನ ಮಾರುಕಟ್ಟೆಯವರೆಗೆ. ಮಳೆ ನಿಂತ ಮೇಲಿನ ಒದ್ದೆ ರಸ್ತೆಯಲ್ಲಿ ನಿಧಾನವಾಗಿ. ಕೊನೆಗೆ ಬಿದ್ದ ಜಾಗದ ಮೂಲಕ. ಪ್ರತಿ ಮೆಟ್ಟಿಲಿಗೂ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ಏನಾಗುತ್ತದೆ ಎಂದು ನನಗೆ ಹೆದರಿಕೆ? ‘ಕೈ ನಡುಗಿ ಹಿಡಿತ ತಪ್ಪುತ್ತದೆ’ ಎಂದಿರಬಹುದು. ಇಳಿದ ಮೇಲೆ ಎರಡನೆಯ ಪ್ರಶ್ನೆ: ಏನಾಯಿತು? ‘ಕೈ ನಡುಗಿತು, ಹಿಡಿತ ತಪ್ಪಲಿಲ್ಲ.’ ಕೈ ನಡುಗದಂತೆ ಆಗುವವರೆಗೆ ಕಾಯಬೇಕಿಲ್ಲ. ನಡುಗುವ ಕೈಯಲ್ಲೂ ಹ್ಯಾಂಡಲ್ ಹಿಡಿಯಬಹುದು ಎಂದು ತಿಳಿಯುವುದೇ ಇಲ್ಲಿನ ಪಾಠ. ಒಂದು ಮೆಟ್ಟಿಲನ್ನು ಬೇರೆ ಬೇರೆ ಹೊತ್ತು, ಬೇರೆ ಬೇರೆ ಬೀದಿಗಳಲ್ಲಿ ಮಾಡಿ ನೋಡಿ, ಸಾಕೆನಿಸಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಮೊದಮೊದಲು ತಮ್ಮನೋ ಗೆಳತಿಯೋ ಹಿಂದೆ ಕೂತಿರಲಿ, ಆದರೆ ಕೆಲವು ಸಲದ ನಂತರ ಅವರು ಇಳಿಯಬೇಕು. ಇಲ್ಲವಾದರೆ ‘ಅವರಿದ್ದರು, ಹಾಗಾಗಿ ಏನೂ ಆಗಲಿಲ್ಲ’ ಎಂದೇ ಮೆದುಳು ಲೆಕ್ಕ ಬರೆದುಕೊಳ್ಳುತ್ತದೆ.

ಸಭೆಯಲ್ಲಿ ಮಾತನಾಡುವ ಭಯ, ಲಿಫ್ಟಿನ ಭಯ, ಫೋನ್ ಎತ್ತುವ ಭಯ, ಎಲ್ಲಕ್ಕೂ ಇದೇ ರೀತಿಯ ಮೆಟ್ಟಿಲು ಕಟ್ಟಬಹುದು. ವಾರಗಳ ನಂತರ ಒಂದು ದಿನ ಭಯ ಮತ್ತೆ ಎದ್ದರೆ ಎಲ್ಲವೂ ವ್ಯರ್ಥವಾಯಿತೆಂದು ಕುಸಿಯಬೇಡಿ, ಹಳೆಯ ನೆನಪು ಅಳಿದಿರಲಿಲ್ಲವಷ್ಟೆ. ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿ. ಆದರೆ ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ, ಸಾವು-ನೋವಿನ ದುರಂತಗಳಿಂದ ಹುಟ್ಟಿದ ಭಯವನ್ನು ಒಬ್ಬರೇ ಹೀಗೆ ಎದುರಿಸಲು ಹೋಗಬೇಡಿ. ಅದಕ್ಕೆ ತರಬೇತಿ ಪಡೆದ ಚಿಕಿತ್ಸಕರ ಜೊತೆ ಬೇಕೇ ಬೇಕು. ಇನ್ನು ಅಪಾಯ ನಿಜವಾಗಿಯೂ ಮುಂದುವರಿದಿದ್ದರೆ, ಹೊಡೆಯುವ ಗಂಡ ಮನೆಯಲ್ಲೇ ಇದ್ದರೆ, ಆ ಭಯ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅಲ್ಲಿ ಬೇಕಾದದ್ದು ಉಸಿರಾಟವಲ್ಲ, ರಕ್ಷಣೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಆರನೆಯ ಹಂತ: ಒಬ್ಬರ ಕೈ

2006ರಲ್ಲಿ ಜೇಮ್ಸ್ ಕೋನ್ ಮತ್ತು ಸಂಗಡಿಗರು ವಿವಾಹಿತ ಮಹಿಳೆಯರಿಗೆ ಸಣ್ಣ ವಿದ್ಯುತ್ ಆಘಾತ ಬರಬಹುದೆಂಬ ಸೂಚನೆ ಕೊಟ್ಟು ಮೆದುಳಿನ ಚಿತ್ರ ತೆಗೆದರು. ಗಂಡನ ಕೈ ಹಿಡಿದಿದ್ದಾಗ ಅಪಾಯಕ್ಕೆ ಮೆದುಳಿನ ಪ್ರತಿಕ್ರಿಯೆ ತಗ್ಗಿತು. ದಾಂಪತ್ಯ ಹೆಚ್ಚು ಚೆನ್ನಾಗಿದ್ದವರಲ್ಲಿ ಇನ್ನಷ್ಟು ತಗ್ಗಿತು. ಅಪರಿಚಿತರ ಕೈಗೂ ಸ್ವಲ್ಪ ಪರಿಣಾಮವಿತ್ತು.

ಊರು ಬಿಟ್ಟು ಬೆಂಗಳೂರಿನ ಪಿ.ಜಿ.ಗಳಲ್ಲಿ ಇರುವ ಹುಡುಗ ಹುಡುಗಿಯರಿಗೆ ನನ್ನ ಒತ್ತಾಯದ ಸಲಹೆ: ವಾರಕ್ಕೆ ಒಂದು ಸಲವಾದರೂ ಯಾರೊಂದಿಗಾದರೂ ಎದುರಾ ಎದುರು ಕುಳಿತು ಊಟ ಮಾಡಿ. ಮನೆಯವರಿಗೂ ಒಂದು ಕೋರಿಕೆ. ಮಗಳು ‘ಮನಸ್ಸು ಸರಿಯಿಲ್ಲಮ್ಮ’ ಎಂದರೆ ಕೂಡಲೇ ಪರಿಹಾರ ಹೇಳಬೇಡಿ. ‘ಯಾವಾಗಿನಿಂದ ಹೀಗಾಗುತ್ತಿದೆ?’ ಎಂದು ಕೇಳಿ, ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿಸಿಕೊಳ್ಳಿ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಬೈಲಿನಂತಹ ಸುಖಗಳನ್ನು ಕೆಲ ಕಾಲ ಬಿಟ್ಟಿರುವ ‘ಡೋಪಮೈನ್ ಉಪವಾಸ’ ಎಂಬುದಕ್ಕೆ ಅರ್ಥವಿಲ್ಲ, ಉಪವಾಸದಿಂದ ಅದು ಖಾಲಿಯಾಗಿ ತುಂಬಿಕೊಳ್ಳುವ ವಸ್ತುವಲ್ಲ. ಮನುಷ್ಯರಿಂದ ಬರುವ ಕರೆ, ಸಂದೇಶ ಬಿಟ್ಟು ಉಳಿದ ನೋಟಿಫಿಕೇಶನ್ ನಿಲ್ಲಿಸಿ, ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಮಕ್ಕಳ ಮೊಬೈಲ್ ಬಳಕೆ ಕೈಮೀರಿದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ.

ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ

ಮೊದಲ ಎರಡು ವಾರ ಏಳುವ ಹೊತ್ತು ಮತ್ತು ಬೆಳಕು, ಅಷ್ಟೇ. ಮೂರನೆಯ ವಾರ ಉಸಿರು ಸೇರಿಸಿ. ಆಮೇಲೆ ನೋಟ್‌ಪುಸ್ತಕ. ನಿದ್ದೆ ತುಸು ಸುಧಾರಿಸಿದ ಮೇಲೆ ನಾಲ್ಕು ಮತ್ತು ಐದನೆಯ ಹಂತ. ಮಂಕುತನವೇ ಹೆಚ್ಚಾಗಿದ್ದರೆ ನಾಲ್ಕನೆಯದಕ್ಕೆ ಮೊದಲ ಸ್ಥಾನ, ಭಯವೇ ಹೆಚ್ಚಾಗಿದ್ದರೆ ಐದನೆಯದಕ್ಕೆ. ಆರನೆಯದು ಮೊದಲ ದಿನದಿಂದಲೇ ಇರಬಹುದು. ಲಂಡನ್ನಿನಲ್ಲಿ ನಡೆದ 2010ರ ಅಧ್ಯಯನದಲ್ಲಿ ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಗಿತ್ತು, ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟವಾಗಿರಲಿಲ್ಲ. 21 ದಿನದಲ್ಲಿ ಬದುಕು ಬದಲಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ವೈದ್ಯರ ಬಳಿ ಹೋಗುವ ಹಂತ

ಬೇಸರ ಅಥವಾ ಆತಂಕ ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಇದ್ದು ಕೆಲಸ, ಓದು, ಊಟಕ್ಕೆ ಅಡ್ಡಿಯಾಗುತ್ತಿದ್ದರೆ ಹೋಗಿ. ಯಾರಿಗೂ ಕೇಳಿಸದ ಧ್ವನಿ ಕೇಳಿಸುತ್ತಿದ್ದರೆ, ನಿದ್ದೆಯಿಲ್ಲದೆಯೂ ವಿಪರೀತ ಹುರುಪು ಬಂದು ಸಿಕ್ಕಾಪಟ್ಟೆ ಖರ್ಚು ಮಾಡತೊಡಗಿದರೆ, ಬಾಣಂತಿ ಮಗುವಿನ ಕಡೆ ನೋಡದೆ ಕುಗ್ಗಿಹೋದರೆ ತಡಮಾಡಬೇಡಿ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡಂತೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸೇವೆ. ದಿನದ 24 ಗಂಟೆಯೂ ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಸಿಗುತ್ತಾರೆ. ದೇಶವ್ಯಾಪಿಯಾದ ಈ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮೊದಲು ಪ್ರಯೋಗಿಸಿದ್ದು ನಮ್ಮ ಬಳ್ಳಾರಿಯಲ್ಲಿ.

ಔಷಧಿಯ ಬಗ್ಗೆ ಹೆದರಿಕೆ ಬೇಡ, ಆತುರವೂ ಬೇಡ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ತೊಂದರೆಗಳು ಮೊದಲ ದಿನಗಳಲ್ಲೇ ಕಾಣಿಸಬಹುದು. ಅವು ಹೆಂಡದಂತೆ ಚಟ ಹಿಡಿಸುವುದಿಲ್ಲ, ಆದರೂ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ನಿದ್ದೆ ಮಾತ್ರೆಗಳ ಮಾತು ಬೇರೆ. ಅವುಗಳಲ್ಲಿ ಹಲವು ಅವಲಂಬನೆ ಉಂಟುಮಾಡುತ್ತವೆ. ಅಂಗಡಿಯಲ್ಲಿ ಕೇಳಿ ತಂದು, ಪಕ್ಕದ ಮನೆಯವರದನ್ನು ಎರವಲು ಪಡೆದು ನುಂಗಬೇಡಿ.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ ಹೀಗಿದೆ, ನಿದ್ದೆ ಎಷ್ಟು, ಹಸಿವು ಹೇಗಿದೆ, ಮನೆತನದಲ್ಲಿ ಯಾರಿಗಾದರೂ ಇಂತಹ ಕಾಯಿಲೆ ಇತ್ತೇ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳು (ಆಯುರ್ವೇದ, ಹೋಮಿಯೋಪತಿಯೂ ಸೇರಿ), ಮದ್ಯ, ತಂಬಾಕು, ಸಾಯುವ ಯೋಚನೆ ಬಂದಿದೆಯೇ. ನೋಟ್‌ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಮಾತು ಹೊರಡದಿದ್ದರೆ ಆ ಹಾಳೆಯನ್ನೇ ವೈದ್ಯರ ಕೈಗೆ ಕೊಡಿ.